ಪೆನಾಲ್ಟಿ ತಪ್ಪುವುದು ಕಾಲಿನಿಂದಲ್ಲ, ಕಣ್ಣಿನಿಂದ!

ಮಂಗಳೂರು: ಮಳೆಗಾಲ ಬಂತೆಂದರೆ ಕರಾವಳಿಯ ಹುಡುಗರಿಗೆ ಫುಟ್‌ಬಾಲ್ ಹುಚ್ಚು ಹಿಡಿಯುತ್ತದೆ. ನೆಹರೂ ಮೈದಾನದಿಂದ ಹಿಡಿದು ಊರೂರಿನ ಶಾಲಾ ಮೈದಾನಗಳ ತನಕ ಎಲ್ಲಿ ನೋಡಿದರೂ ಕೆಸರು, ಕೆಸರಿನ ನಡುವೆ ಒಂದು ಚೆಂಡು, ಚೆಂಡಿನ ಹಿಂದೆ ಇಪ್ಪತ್ತು ಜೊತೆ ಕಾಲು. ಶಾಲೆಗಳ ಟೂರ್ನಮೆಂಟ್, ಕ್ಲಬ್ಬುಗಳ ಟೂರ್ನಮೆಂಟ್, ಓಣಿ ಓಣಿಗಳ ಟೂರ್ನಮೆಂಟ್. ಟೂರ್ನಮೆಂಟ್ ಅಂದಮೇಲೆ ಟೈಬ್ರೇಕರ್ ಇದ್ದದ್ದೇ.

ಟೈಬ್ರೇಕರಿನ ಕಥೆ ಎಲ್ಲ ಕಡೆ ಒಂದೇ. ಮಾಸ್ಟ್ರು ಗಡಿಬಿಡಿಯಲ್ಲಿ ಐದು ಹುಡುಗರ ಹೆಸರು ಹೇಳುತ್ತಾರೆ. ನಾಲ್ವರು ಹೇಗೋ ಮುಗಿಸುತ್ತಾರೆ. ಐದನೆಯವನು ಚೆಂಡಿಟ್ಟು ಹಿಂದೆ ಸರಿದು, ರೆಫ್ರಿ ಶಿಳ್ಳೆ ಊದಿದ್ದೇ ತಡ ಓಡಿ ಬಂದು ಒದೆಯುತ್ತಾನೆ. ಚೆಂಡು ನೆಟ್ಟಗೆ ಕೀಪರನ ಹೊಟ್ಟೆಗೆ! ಮುಗಿಯಿತು. ಆಚೆಯವರು ಕುಣಿಯುತ್ತಾರೆ, ಈಚೆಯವರು ಬೈಯುತ್ತಾರೆ. "ಎಂತ ಮಾರಾಯ, ಇಷ್ಟು ಹತ್ತಿರದಿಂದ ಹೊಡೀಲಿಕ್ಕೆ ಆಗ್ಲಿಲ್ವಾ ನಿನಗೆ?"

ಮರುದಿನ ತರಗತಿಯಲ್ಲಿ ಆ ಹುಡುಗನಿಗೊಂದು ಅಡ್ಡಹೆಸರು. ಬಸ್‌ಸ್ಟ್ಯಾಂಡಿನಲ್ಲಿ ಗೇಲಿ. ಮುಂದಿನ ಸಲ "ಯಾರು ಹೊಡೀತೀರಿ?" ಎಂದು ಕೇಳಿದರೆ ಅವನು ತಲೆ ಬಗ್ಗಿಸಿ, ಬಿಚ್ಚದ ಶೂ ಲೇಸನ್ನೇ ಮತ್ತೆ ಕಟ್ಟುತ್ತಾ ಕೂರುತ್ತಾನೆ. ಇನ್ನೊಂದು ವರ್ಷಕ್ಕೆ ಮೈದಾನದ ಕಡೆ ಬರುವುದನ್ನೇ ಬಿಡುವವರೂ ಇದ್ದಾರೆ. ಹದಿಮೂರು ಹದಿನಾಲ್ಕರ ಹುಡುಗನಿಗೆ ಇದು ಸಣ್ಣ ಶಿಕ್ಷೆಯೇನಲ್ಲ.

ಆದರೆ ತಪ್ಪು ಯಾರದು? ಅವನ ಕಾಲಿನದೋ? ಅದೇ ಕಾಲು ನಿನ್ನೆ ಸಂಜೆ ಅಭ್ಯಾಸದಲ್ಲಿ ಹತ್ತಕ್ಕೆ ಒಂಬತ್ತು ಒಳಗೆ ಹಾಕಿತ್ತಲ್ಲ!

ಲಾಟರಿ ಅಲ್ಲ

ಪೆನಾಲ್ಟಿ ಅಂದರೆ ಲಾಟರಿ, ಹಣೆಬರಹ ಚೆನ್ನಾಗಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ ಎಂಬ ಮಾತು ಮೈದಾನದ ಬದಿಯಲ್ಲಿ ನೂರು ಸಲ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ.

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಚೆಂಡಿಡುವ ಜಾಗ ಗೋಲಿನ ಗೆರೆಯಿಂದ 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒದ್ದ ಚೆಂಡಿಗೆ ಈ ದೂರ ಕ್ರಮಿಸಲು ಸುಮಾರು 0.4 ಸೆಕೆಂಡ್ ಸಾಕು. ಅಂಥ ಚೆಂಡು ಸರಿಯಾಗಿ ಮೂಲೆಗೆ ಬಿದ್ದರೆ, ಅದು ಎತ್ತ ಹೊರಟಿತು ಎಂದು ನೋಡಿಕೊಂಡು ಆಮೇಲೆ ಹಾರಿ ಹಿಡಿಯುವುದು ಯಾವ ಕೀಪರನಿಂದಲೂ ಆಗದ ಕೆಲಸ. ಅದಕ್ಕೇ ಕೀಪರುಗಳು ಚೆಂಡು ಹೊರಡುವಾಗಲೇ ಅಂದಾಜಿನ ಮೇಲೆ ಒಂದು ಪಕ್ಕಕ್ಕೆ ಹಾರುವುದು. ಅಂದರೆ ಅಳತೆ, ದೂರ, ವೇಗ ಎಲ್ಲವೂ ಒದೆಯುವವನ ಪರವಾಗಿಯೇ ಇವೆ.

ಇದರಲ್ಲೊಂದು ತಮಾಷೆ ಉಂಟು. ಪೆನಾಲ್ಟಿ ಎಂಬ ಈ ಶಿಕ್ಷೆಯನ್ನು ಸೂಚಿಸಿದವನೇ ಒಬ್ಬ ಗೋಲ್‌ಕೀಪರ್. ಐರ್ಲೆಂಡಿನ ವಿಲಿಯಂ ಮೆಕ್‌ಕ್ರಮ್. ಅವನ ಸಲಹೆ 1891ರಲ್ಲಿ ನಿಯಮವಾಯಿತು. ಸಮಬಲವಾದ ಪಂದ್ಯವನ್ನು ಪೆನಾಲ್ಟಿ ಒದೆತಗಳಿಂದ ತೀರ್ಮಾನಿಸುವ ಟೈಬ್ರೇಕರ್ ನಿಯಮದ ಪುಸ್ತಕಕ್ಕೆ ಬಂದದ್ದು 1970ರಲ್ಲಿ. ವಿಶ್ವಕಪ್‌ನಲ್ಲಿ ಮೊದಲು ನಡೆದದ್ದು 1982ರಲ್ಲಿ, ಸ್ಪೇನಿನ ಸೆವಿಲ್ಲೆಯಲ್ಲಿ, ಪಶ್ಚಿಮ ಜರ್ಮನಿ ಮತ್ತು ಫ್ರಾನ್ಸ್ ನಡುವಿನ ಸೆಮಿಫೈನಲ್‌ನಲ್ಲಿ. ಅಲ್ಲಿಂದೀಚೆಗೆ ಎಷ್ಟು ದೊಡ್ಡ ದೊಡ್ಡ ಕಾಲುಗಳು ಈ 11 ಮೀಟರಿನಲ್ಲಿ ಎಡವಿವೆ! 1994ರ ಫೈನಲ್‌ನಲ್ಲಿ ಇಟಲಿಯ ರೋಬರ್ಟೊ ಬ್ಯಾಜಿಯೊ ಚೆಂಡನ್ನು ಗೋಲಿನ ಮೇಲಿಂದ ಹಾರಿಸಿದ್ದನ್ನು ನೋಡಿದವರು ಇಂದಿಗೂ ಮರೆತಿಲ್ಲ. ಇಟಲಿಯನ್ನು ಫೈನಲ್‌ಗೆ ಎತ್ತಿಕೊಂಡು ಬಂದವನೇ ಅವನು. ಅವನಿಗೆ ಒದೆಯಲು ಬರುತ್ತಿರಲಿಲ್ಲ ಎನ್ನುವವರು ಯಾರಾದರೂ ಉಂಟೇ?

ನಾರ್ವೆಯ ಗೈರ್ ಯೊರ್ದೆತ್ ಎಂಬ ಸಂಶೋಧಕರು ಇದೇ ಟೈಬ್ರೇಕರುಗಳ ಹಿಂದೆ ಬಿದ್ದವರು. ವಿಶ್ವಕಪ್, ಯೂರೋಪ್ ಕಪ್‌ನಂಥ ಪಂದ್ಯಗಳ ನೂರಾರು ಒದೆತಗಳನ್ನು ಸಂಗಡಿಗರ ಜೊತೆ ಒಂದೊಂದಾಗಿ ಕೂತು ನೋಡಿದರು. 2008ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ: 'ಇದು ಒಳಗೆ ಹೋದರೆ ನಾವು ಗೆದ್ದೆವು' ಎಂಬ ಸ್ಥಿತಿಯಲ್ಲಿ ಒದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಗೋಲು ಹೊಡೆದರು. 'ಇದು ತಪ್ಪಿದರೆ ನಾವು ಸೋತೆವು' ಎಂಬ ಸ್ಥಿತಿಯಲ್ಲಿ ಒದ್ದವರಲ್ಲಿ ಗೋಲು ಹೊಡೆದವರು ನೂರಕ್ಕೆ ಅರವತ್ತರ ಆಸುಪಾಸು ಮಾತ್ರ.

ಚೆಂಡು ಅದೇ, ದೂರ ಅದೇ, ಗೋಲು ಅದೇ. ಬದಲಾದದ್ದು ತಲೆಯೊಳಗಿನ ಮಾತು ಒಂದೇ.

ಕಂಠೀರವದಲ್ಲಿ ಕಂಡದ್ದು

ದೂರದ ದೇಶದ ಮಾತು ಯಾಕೆ, ಬೆಂಗಳೂರಿನಲ್ಲೇ ನಡೆದ ಸಂಗತಿ ತೆಗೆದುಕೊಳ್ಳಿ. 2023ರ ಜುಲೈ 1ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಸೆಮಿಫೈನಲ್. ಭಾರತ, ಲೆಬನಾನ್ ಎರಡೂ ಕಡೆ ಗೋಲಿಲ್ಲ. ಟೈಬ್ರೇಕರಿನಲ್ಲಿ ಭಾರತ 4-2ರಿಂದ ಗೆದ್ದಿತು. ನಾಲ್ಕನೆಯ ಒದೆತ ಉದಾಂತ ಸಿಂಗ್ ಅವರದು. ಚೆಂಡು ಒಳಗೆ.

ಮೂರು ದಿನ ಕಳೆದು, ಜುಲೈ 4ರಂದು ಕುವೈತ್ ಜೊತೆ ಫೈನಲ್. 1-1. ಮತ್ತೆ ಟೈಬ್ರೇಕರ್. ಮತ್ತೆ ನಾಲ್ಕನೆಯ ಒದೆತ ಉದಾಂತ ಸಿಂಗ್ ಅವರಿಗೇ. ಅದೇ ಮೈದಾನ, ಅದೇ ಆಟಗಾರ. ಈ ಸಲ ಚೆಂಡು ಹೊರಗೆ. ಕೊನೆಗೆ ಮಹೇಶ್ ಸಿಂಗ್ ಗೋಲು ಹೊಡೆದು, ಕುವೈತಿನ ಆರನೆಯ ಒದೆತವನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದದ್ದರಿಂದ ಭಾರತ 5-4ರಲ್ಲಿ ಕಪ್ ಗೆದ್ದಿತು, ಕ್ರೀಡಾಂಗಣ ಹುಚ್ಚೆದ್ದು ಕುಣಿಯಿತು.

ಮೂರು ದಿನದಲ್ಲಿ ಯಾರ ಕಾಲೂ ಒದೆಯುವುದನ್ನು ಮರೆಯುವುದಿಲ್ಲ. ದೇಶದ ಅಂಗಿ ತೊಟ್ಟ, ದಿನವೂ ಚೆಂಡಿನ ಜೊತೆಗೇ ಬದುಕುವ ಆಟಗಾರನಿಗೇ ಹೀಗಾಗುವುದಿದ್ದರೆ, ವಾರಕ್ಕೆರಡು ಸಂಜೆ ಆಡುವ ಶಾಲಾ ಹುಡುಗನನ್ನು ಬೈದು ಏನು ಪ್ರಯೋಜನ?

ಕಣ್ಣು ಎಲ್ಲಿಯೋ ಚೆಂಡು ಅಲ್ಲಿಗೆ

ಹಾಗಾದರೆ ಆ ಹೊತ್ತಿನಲ್ಲಿ ಆಗುವುದೇನು? ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಮಾರ್ಕ್ ವಿಲ್ಸನ್, ಗ್ರೆಗ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಅನುಭವವಿದ್ದ 14 ಆಟಗಾರರ ತಲೆಗೆ, ಕಣ್ಣು ಎತ್ತ ನೋಡುತ್ತಿದೆ ಎಂದು ಗುರುತಿಸುವ ಯಂತ್ರ ಕಟ್ಟಿದರು. ಮೊದಲು ಸುಮ್ಮನೆ ಒದೆಯಲು ಹೇಳಿದರು. ಆಮೇಲೆ ಒತ್ತಡ ಹೇರಿ ಒದೆಯಲು ಹೇಳಿದರು. ಒತ್ತಡ ಬಿದ್ದದ್ದೇ ತಡ, ಆಟಗಾರರ ಕಣ್ಣು ಬೇಗನೆ ಕೀಪರನ ಮೇಲೆ ಹೋಗಿ, ಅಲ್ಲೇ ಹೆಚ್ಚು ಹೊತ್ತು ಅಂಟಿಕೊಂಡಿತು. ಕಣ್ಣು ಹೋದಲ್ಲಿಗೆ ಚೆಂಡೂ ಹೋಯಿತು. ಮೂಲೆಗೆ ಬೀಳಬೇಕಾದದ್ದು ನಡುವಿಗೆ, ಕೀಪರನ ಕೈಗೆಟುಕುವಲ್ಲಿಗೆ ಬಿತ್ತು.

ಹೆದರಿದ ಮನಸ್ಸು ಅಪಾಯದ ಕಡೆಗೇ ನೋಡುತ್ತದೆ. ದಾರಿಯಲ್ಲಿ ಹಾವು ಕಂಡರೆ ಹಾವನ್ನು ಬಿಟ್ಟು ಮರ ನೋಡುವವರು ಯಾರಿದ್ದಾರೆ? ಒದೆಯುವವನಿಗೆ ಕೈಯಗಲಿಸಿ ಕುಣಿಯುವ ಕೀಪರನೇ ಆ ಹಾವು. ಗೋಲಿನ ಏಳು ಮೀಟರ್ ಜಾಗದಲ್ಲಿ ಬಹುಪಾಲು ಖಾಲಿಯೇ ಇದ್ದರೂ ಹುಡುಗನಿಗೆ ಆ ಖಾಲಿ ಕಾಣುವುದಿಲ್ಲ, ಕೀಪರ್ ಮಾತ್ರ ಕಾಣುತ್ತಾನೆ.

ಇದಕ್ಕೆ ಮದ್ದು ಕೂಡ ಕಣ್ಣಿನಲ್ಲೇ ಉಂಟು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಬಾಸ್ಕೆಟ್‌ಬಾಲ್ ಆಟಗಾರರ ಕಣ್ಣಿನ ಚಲನೆ ಅಳೆದರು. ಚೆನ್ನಾಗಿ ಗುರಿ ಹೊಡೆಯುವವರ ದೃಷ್ಟಿ ಎಸೆಯುವ ಮುನ್ನ ಬುಟ್ಟಿಯ ಮೇಲೆ ಅಲುಗದೆ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಗುರಿ ತಪ್ಪುವವರ ಕಣ್ಣು ಅತ್ತಿತ್ತ ಹಾರುತ್ತಿತ್ತು. ಈ ನಿಂತ ನೋಟಕ್ಕೆ ಅವರು 'ಕ್ವಯಟ್ ಐ' ಎಂದು ಹೆಸರಿಟ್ಟರು. ಕನ್ನಡದಲ್ಲಿ ನಿಶ್ಚಲ ದೃಷ್ಟಿ ಅನ್ನೋಣ.

ಇದೇನು ಹೊಸ ವಿಷಯವೇ? ದ್ರೋಣರು ಕೇಳಿದಾಗ ಮರ ಕಾಣುತ್ತದೆ, ಕೊಂಬೆ ಕಾಣುತ್ತದೆ ಅಂದವರೆಲ್ಲ ಬಿಲ್ಲು ಕೆಳಗಿಟ್ಟರು. ಹಕ್ಕಿಯ ಕಣ್ಣು ಮಾತ್ರ ಕಾಣುತ್ತದೆ ಅಂದ ಅರ್ಜುನ ಬಾಣ ಬಿಟ್ಟ. ಅಷ್ಟು ದೂರ ಹೋಗುವುದೂ ಬೇಡ. ಗೋಲಿಯಾಟ ಆಡುವ ಹುಡುಗನನ್ನು ನೋಡಿ. ಅವನು ತನ್ನ ಬೆರಳನ್ನು ನೋಡುವುದಿಲ್ಲ, ಪಕ್ಕದವನನ್ನು ನೋಡುವುದಿಲ್ಲ. ಹೊಡೆಯಬೇಕಾದ ಗೋಲಿಯ ಮೇಲೆ ಕಣ್ಣು ನೆಟ್ಟು ಒಂದು ಗಳಿಗೆ ಉಸಿರು ಹಿಡಿಯುತ್ತಾನೆ. ಠಣ್! ಅದೇ ಹುಡುಗ ಫುಟ್‌ಬಾಲ್ ಮೈದಾನಕ್ಕೆ ಬಂದರೆ ಆ ವಿದ್ಯೆ ಮರೆತುಬಿಡುತ್ತಾನೆ.

'ಬೇಡ' ಅನ್ನಬೇಡಿ

ಇನ್ನು ಮೈದಾನದ ಬದಿಯಲ್ಲಿ ನಿಂತ ದೊಡ್ಡವರ ಸರದಿ. ಹುಡುಗ ಚೆಂಡಿಡುವ ಹೊತ್ತಿಗೆ ಸರಿಯಾಗಿ ನಾಲ್ಕೂ ಕಡೆಯಿಂದ ಉಪದೇಶ ಶುರು. "ಕೀಪರ್ ಕೈಗೆ ಕೊಡ್ಬೇಡ!" "ಮೇಲೆ ಹೊಡೀಬೇಡ ಮಾರಾಯ!" "ಹೆದರ್ಬೇಡ!" ಒಳ್ಳೆಯದಕ್ಕೇ ಹೇಳುವುದು, ಸಂಶಯವಿಲ್ಲ. ಆದರೆ ಪರಿಣಾಮ ಮಾತ್ರ ಉಲ್ಟಾ.

2006ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಪೆನಾಲ್ಟಿ ಒದೆಯುವವರ ಮೇಲೆಯೇ ಇದನ್ನು ಪ್ರಯೋಗಿಸಿದರು. ಒಮ್ಮೆ 'ಗುರಿಯಿಟ್ಟು ಹೊಡೆ' ಅಂದರು. ಇನ್ನೊಮ್ಮೆ 'ಕೀಪರಿಗೆ ಎಟುಕುವ ಹಾಗೆ ಮಾತ್ರ ಹೊಡೆಯಬೇಡ' ಅಂದರು. 'ಬೇಡ' ಎಂಬ ಮಾತು ಕೇಳಿದವರ ಕಣ್ಣು ಕೀಪರನ ಮೇಲೆಯೇ ಹೆಚ್ಚು ಹೊತ್ತು ನಿಂತಿತು. ಚೆಂಡೂ ಅವನ ಹತ್ತಿರಕ್ಕೇ ಹೋಯಿತು!

ಕಾರಣ ಸುಲಭ. ಬೇಡ ಎಂದು ಹೇಳಿದ್ದನ್ನು ಮಾಡದೆ ಇರಬೇಕಾದರೆ ಮನಸ್ಸು ಮೊದಲು ಅದೇನೆಂದು ಚಿತ್ರ ಬಿಡಿಸಿಕೊಳ್ಳಬೇಕು. ಕೋತಿಯನ್ನು ನೆನೆಯದೆ ಮದ್ದು ಕುಡಿ ಎಂದ ವೈದ್ಯನ ಕಥೆ ಕೇಳದವರು ಯಾರು? ಮದ್ದಿನ ಲೋಟ ಕೈಗೆತ್ತಿಕೊಂಡದ್ದೇ ಕೋತಿ ಎದುರಿಗೆ ಬಂದು ಕೂರುತ್ತದೆ. ಆದ್ದರಿಂದ ಹೇಳಲೇಬೇಕೆಂದಿದ್ದರೆ 'ಎಡಮೂಲೆ ನೋಡು' ಅನ್ನಿ. ಅದಕ್ಕಿಂತ ಒಳ್ಳೆಯದು ಬಾಯಿ ಮುಚ್ಚಿಕೊಂಡಿರುವುದು.

ಮನಸ್ಸಿನ ಮೈದಾನ

ಬೇಡದ ಚಿತ್ರ ಚೆಂಡನ್ನು ಕೆಡಿಸುವುದಾದರೆ, ಬೇಕಾದ ಚಿತ್ರ ಚೆಂಡನ್ನು ತಿದ್ದಬೇಕಲ್ಲ? ತಿದ್ದುತ್ತದೆ. ಇದನ್ನೇ ಮನಸ್ಸಿನ ಅಭ್ಯಾಸ ಅನ್ನುವುದು.

1930ರ ಹೊತ್ತಿಗೆ ಅಮೆರಿಕದ ಶಿಕಾಗೋದಲ್ಲಿ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು, ಸುಮ್ಮನೆ ಮಲಗಿದವರಿಗೆ ತೋಳು ಮಡಚುವುದನ್ನು ಕಲ್ಪಿಸಿಕೊಳ್ಳಲು ಹೇಳಿ, ಸ್ನಾಯುಗಳಲ್ಲಿನ ವಿದ್ಯುತ್ ಅಳೆದರು. ತೋಳು ಮಡಚಿರಲಿಲ್ಲ, ಆದರೂ ಅದೇ ಸ್ನಾಯುವಿನಲ್ಲಿ ಸಣ್ಣ ಮಿಡಿತ ಕಂಡಿತು. ಆಮೇಲೆ ಮಿದುಳಿನ ಚಿತ್ರ ತೆಗೆಯುವ ಯಂತ್ರಗಳು ಬಂದವು. ಒದೆಯುವಾಗ ಕೆಲಸ ಮಾಡುವ ಮಿದುಳಿನ ಜಾಗಗಳಲ್ಲಿ ಹಲವು, ಒದೆಯುವುದನ್ನು ಕಲ್ಪಿಸಿಕೊಂಡಾಗಲೂ ಎಚ್ಚರಾಗುತ್ತವೆ ಎಂಬುದು ಖಾತ್ರಿಯಾಯಿತು. 1994ರಲ್ಲಿ ಅಲ್ಲಿಯ ತನಕದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ತೂಗಿ ನೋಡಿದಾಗ ಬಂದ ತೀರ್ಮಾನ ಎರಡು. ಒಂದು, ಮನಸ್ಸಿನ ಅಭ್ಯಾಸದಿಂದ ಲಾಭ ಉಂಟು. ಎರಡು, ಮೈದಾನದ ಅಭ್ಯಾಸದಷ್ಟು ಇಲ್ಲ. ಇದು ಊಟದ ಜೊತೆಗಿನ ಉಪ್ಪಿನಕಾಯಿ. ಊಟ ಬಿಟ್ಟು ಉಪ್ಪಿನಕಾಯಿ ತಿಂದು ಬದುಕಲಿಕ್ಕಾಗದು.

ಕೆಟ್ಟ ಚಿತ್ರಕ್ಕೂ ಬಲ ಉಂಟು ಎಂಬುದು ನೆನಪಿರಲಿ. 1985ರಲ್ಲಿ ಅಮೆರಿಕದಲ್ಲಿ ಗಾಲ್ಫ್ ಚೆಂಡಿನ ಮೇಲೆ ನಡೆದ ಪ್ರಯೋಗದಲ್ಲಿ, ಚೆಂಡು ಕುಳಿಗೆ ಬೀಳುವುದನ್ನು ಕಲ್ಪಿಸಿಕೊಂಡವರ ಗುರಿ ಸುಧಾರಿಸಿತು. ಅಂಚಿನಲ್ಲಿ ತಪ್ಪಿಹೋಗುವುದನ್ನು ಕಲ್ಪಿಸಿಕೊಂಡವರ ಗುರಿ ಕೆಟ್ಟಿತು. ಹಿಂದಿನ ರಾತ್ರಿ ಮಲಗಿ 'ನಾಳೆ ತಪ್ಪಿದರೆ ಏನು ಗತಿ' ಎಂದು ಹೊರಳಾಡುವ ಹುಡುಗನೂ ಒಂದು ಬಗೆಯ ಅಭ್ಯಾಸವನ್ನೇ ಮಾಡುತ್ತಿರುತ್ತಾನೆ. ತಪ್ಪುವ ಅಭ್ಯಾಸ!

ಹೆಸರುವಾಸಿ ಆಟಗಾರರು ಇದನ್ನು ಗುಟ್ಟಾಗಿಟ್ಟಿಲ್ಲ. ಇಂಗ್ಲೆಂಡಿನ ವೇಯ್ನ್ ರೂನಿ ಪಂದ್ಯದ ಹಿಂದಿನ ದಿನ ಉಡುಪು ನೋಡಿಕೊಳ್ಳುವವನ ಹತ್ತಿರ ಹೋಗಿ, ನಾಳೆ ಯಾವ ಬಣ್ಣದ ಅಂಗಿ, ಯಾವ ಬಣ್ಣದ ಚಡ್ಡಿ, ಯಾವ ಬಣ್ಣದ ಕಾಲುಚೀಲ ಎಂದು ಕೇಳಿಕೊಳ್ಳುತ್ತಿದ್ದ. ರಾತ್ರಿ ಹಾಸಿಗೆಯಲ್ಲಿ ಅದೇ ಬಣ್ಣದಲ್ಲಿ ತಾನು ಗೋಲು ಹೊಡೆಯುವುದನ್ನು ಕಾಣಲಿಕ್ಕೆ.

ಬ್ರಿಟನ್ನಿನ ಪಾಲ್ ಹೋಮ್ಸ್ ಮತ್ತು ಡೇವಿಡ್ ಕಾಲಿನ್ಸ್ ಎಂಬ ವಿದ್ವಾಂಸರು 2001ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಚಿತ್ರ ನಿಜಕ್ಕೆ ಎಷ್ಟು ಹತ್ತಿರವೋ ಅಷ್ಟು ಲಾಭ ಎಂಬುದೇ ಅದರ ಸಾರ. ಈಸಿಚೇರಿನಲ್ಲಿ ಒರಗಿ ಕಣ್ಣು ಮುಚ್ಚುವುದಕ್ಕಿಂತ, ಶೂ ಹಾಕಿ, ಜೆರ್ಸಿ ತೊಟ್ಟು, ಆದರೆ ಮೈದಾನದಲ್ಲೇ ನಿಂತು ಕಲ್ಪಿಸಿಕೊಳ್ಳಬೇಕು. ಟಿವಿಯಲ್ಲಿ ಕಾಣುವ ಹಾಗೆ ಹೊರಗಿನಿಂದ ನೋಡುವುದಕ್ಕಿಂತ ತನ್ನ ಕಣ್ಣಿನಿಂದಲೇ ನೋಡುವುದು ಇಂಥ ಗುರಿಯ ಕೆಲಸಕ್ಕೆ ಸರಿ: ಎದುರಿಗೆ ಚೆಂಡು, ಅದರಾಚೆ ಗೋಲು, ನಡುವೆ ಕುಣಿಯುವ ಕೀಪರ್. ನಿಜವಾಗಿ ಒದೆಯಲು ಎಷ್ಟು ಹೊತ್ತು ಬೇಕೋ ಕಲ್ಪನೆಯಲ್ಲೂ ಅಷ್ಟೇ ಹೊತ್ತು. ಎದೆ ಬಡಿತ, ಕಾಲಡಿಯ ಕೆಸರು, ಜನರ ಕೂಗು ಎಲ್ಲವೂ ಅದರಲ್ಲಿ ಇರಬೇಕು. ಹೆದರಿಕೆಯನ್ನು ಬಿಟ್ಟು ಚಿತ್ರ ಕಟ್ಟಿದರೆ, ಪಂದ್ಯದ ದಿನ ಹೆದರಿಕೆ ಹೊಸ ಮುಖದಂತೆ ಎದುರಾಗುತ್ತದೆ.

ಯಕ್ಷಗಾನದ ಚೌಕಿಗೆ ಹೋಗಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮುಖಕ್ಕೆ ಬಣ್ಣ ಹಚ್ಚಿ, ವೇಷ ಕಟ್ಟಿ, ಕನ್ನಡಿಯ ಎದುರು ಮಾತಿಲ್ಲದೆ ಕೂತ ವೇಷಧಾರಿಯನ್ನು ಯಾರೂ ಮಾತಾಡಿಸುವುದಿಲ್ಲ. ರಂಗಸ್ಥಳಕ್ಕೆ ಹೋಗುವ ಮೊದಲು ಪಾತ್ರ ಒಳಗೆ ಹೊಕ್ಕಾಗಿರಬೇಕು. ಟೈಬ್ರೇಕರಿಗೆ ಹೋಗುವ ಹುಡುಗನಿಗೂ ಅಂಥದೊಂದು ಚೌಕಿ ಬೇಕು.

ಇಂಗ್ಲೆಂಡಿನ ಪಾಠ

ಟೈಬ್ರೇಕರಿನಲ್ಲಿ ಸೋತು ಹೆಸರಾದ ದೇಶ ಇಂಗ್ಲೆಂಡ್. 1990, 1996, 1998, 2004, 2006, 2012. ವಿಶ್ವಕಪ್ಪೋ ಯೂರೋಪ್ ಕಪ್ಪೋ, ಇಷ್ಟೂ ಸಲ ಪೆನಾಲ್ಟಿಯಲ್ಲೇ ಮನೆಗೆ ಹೋದರು. 1996ರಲ್ಲಿ ತಪ್ಪಿಸಿದವನು ಗ್ಯಾರೆತ್ ಸೌತ್‌ಗೇಟ್. ಯೊರ್ದೆತ್ ಲೆಕ್ಕ ಹಾಕಿದಾಗ ಒಂದು ವಿಚಿತ್ರ ಕಂಡಿತು. ರೆಫ್ರಿ ಶಿಳ್ಳೆ ಊದಿದ ಮೇಲೆ ಅತ್ಯಂತ ಅವಸರದಲ್ಲಿ ಒದೆಯುವವರಲ್ಲಿ ಇಂಗ್ಲಿಷರೇ ಮುಂದು! 'ಒಮ್ಮೆ ಮುಗಿದರೆ ಸಾಕು' ಎಂಬ ಅವಸರ. ಕರಾವಳಿಯ ಶಾಲಾ ಹುಡುಗನ ಅವಸರಕ್ಕೂ ಇದಕ್ಕೂ ಏನು ವ್ಯತ್ಯಾಸ?

ಅದೇ ಸೌತ್‌ಗೇಟ್ ತಂಡದ ಮುಖ್ಯ ತರಬೇತುದಾರನಾದ ಮೇಲೆ, 2018ರ ವಿಶ್ವಕಪ್‌ಗೆ ತಿಂಗಳುಗಳ ಮೊದಲೇ ಪೆನಾಲ್ಟಿ ತಯಾರಿ ಶುರುಮಾಡಿಸಿದ. ಪಿಪ್ಪಾ ಗ್ರೇಂಜ್ ಎಂಬ ಮನಶ್ಶಾಸ್ತ್ರಜ್ಞೆ ತಂಡದ ಜೊತೆಗಿದ್ದರು. ಶಿಳ್ಳೆ ಕೇಳಿದ ಕೂಡಲೇ ಓಡಬೇಡಿ, ನಿಮ್ಮ ಹೊತ್ತನ್ನು ನೀವು ತೆಗೆದುಕೊಳ್ಳಿ ಎಂಬುದು ಪಾಠ. ಜುಲೈ 3ರಂದು ಮಾಸ್ಕೋದಲ್ಲಿ ಕೊಲಂಬಿಯಾ ವಿರುದ್ಧ ಟೈಬ್ರೇಕರ್ ಬಂತು. ಇಂಗ್ಲೆಂಡ್ 4-3ರಿಂದ ಗೆದ್ದಿತು. ವಿಶ್ವಕಪ್‌ನಲ್ಲಿ ಅವರಿಗೆ ಅದೇ ಮೊದಲ ಟೈಬ್ರೇಕರ್ ಗೆಲುವು.

ಇದು ಮಂತ್ರವಲ್ಲ ಎಂಬುದನ್ನೂ ಹೇಳಲೇಬೇಕು. 2021ರ ಜುಲೈ 11ರಂದು ಯೂರೋಪ್ ಕಪ್ ಫೈನಲ್‌ನಲ್ಲಿ ಅದೇ ಇಂಗ್ಲೆಂಡ್ ಇಟಲಿಯ ಎದುರು ಟೈಬ್ರೇಕರಿನಲ್ಲಿ ಸೋತಿತು. ಮಾರ್ಕಸ್ ರ‍್ಯಾಶ್‌ಫರ್ಡ್, ಜೇಡನ್ ಸ್ಯಾಂಚೊ, ಬುಕಾಯೊ ಸಾಕಾ ಮೂವರೂ ತಪ್ಪಿಸಿದರು. ಸಾಕಾಗೆ ಆಗ 19 ವರ್ಷ. ಮೂವರೂ ಕಪ್ಪು ವರ್ಣದವರು ಎಂಬ ಕಾರಣಕ್ಕೆ ಅವರಿಗೆ ಬಿದ್ದ ಬೈಗಳು ಇಂಗ್ಲೆಂಡನ್ನೇ ತಲೆತಗ್ಗಿಸುವಂತೆ ಮಾಡಿತು. ಆದರೆ ತರಬೇತುದಾರ ಹುಡುಗರ ಕೈಬಿಡಲಿಲ್ಲ. ಯಾರು ಒದೆಯಬೇಕೆಂದು ಆರಿಸಿದವನು ತಾನು, ಜವಾಬ್ದಾರಿ ತನ್ನದು ಎಂದು ನಿಂತ. 2024ರ ಜುಲೈ 6ರಂದು ಸ್ವಿಟ್ಜರ್ಲೆಂಡ್ ಎದುರು ಮತ್ತೆ ಟೈಬ್ರೇಕರ್. ಸಾಕಾ ಮತ್ತೆ ಬಂದ. ಒದ್ದ. ಒಳಗೆ! ಐದಕ್ಕೆ ಐದೂ ಗೋಲು, ಇಂಗ್ಲೆಂಡ್ 5-3.

ಅದೇ ದಿನ ಐವನ್ ಟೋನಿ ಎಂಬವನು ಒದೆಯುವಾಗ ಚೆಂಡಿನ ಕಡೆ ನೋಡಲೇ ಇಲ್ಲ. ಕೊನೆಯ ತನಕ ಕೀಪರನನ್ನೇ ನೋಡುತ್ತಾ, ಅವನು ಅಲುಗಿದ ಕಡೆಯನ್ನು ಬಿಟ್ಟು ಇನ್ನೊಂದು ಕಡೆಗೆ ತಳ್ಳುವುದು ಅವನ ಕ್ರಮ. ಹಾಗಾದರೆ ಕೀಪರನನ್ನು ನೋಡಬಾರದು ಎಂಬುದು ಸುಳ್ಳೇ? ಅಲ್ಲ. ಬೇಕೆಂದು ನೋಡುವುದು ಬೇರೆ, ಹೆದರಿ ನೋಡುವುದು ಬೇರೆ. ಮೊದಲನೆಯದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಶಾಲಾ ಹುಡುಗರಿಗೆ ಅದನ್ನು ಕಲಿಸಹೊರಟರೆ ಎರಡೂ ಕೈಬಿಟ್ಟೀತು.

ಖರ್ಚಿಲ್ಲದ ಕೆಲಸ

ಇದಕ್ಕೆಲ್ಲ ಯಂತ್ರ ಬೇಕು, ಮನಶ್ಶಾಸ್ತ್ರಜ್ಞರು ಬೇಕು, ಶಾಲೆಯಲ್ಲಿ ದುಡ್ಡೆಲ್ಲಿ ಎಂದು ಕೈ ಚೆಲ್ಲುವವರಿಗೆ ಒಂದು ಮಾತು. ಮೇಲೆ ಹೇಳಿದ್ದರಲ್ಲಿ ಹುಡುಗರಿಗೆ ಕಲಿಸಬೇಕಾದದ್ದಕ್ಕೆ ಒಂದು ಪೈಸೆಯೂ ಬೇಡ. ಪಿ.ಟಿ. ಮಾಸ್ಟ್ರುಗಳು ದಿನಕ್ಕೆ ಹದಿನೈದು ನಿಮಿಷ ಕೊಟ್ಟರೆ ಸಾಕು.

ಒಂದು: ಚೆಂಡು ಕೈಗೆತ್ತಿಕೊಳ್ಳುವ ಮೊದಲೇ ಹುಡುಗ ಮೂಲೆ ಆರಿಸಿಕೊಳ್ಳಲಿ. ಆರಿಸಿದ ಮೇಲೆ ಬದಲಾಯಿಸುವಂತಿಲ್ಲ. ಗೋಲಿನ ಮೂಲೆಗಳಲ್ಲಿ ಹಳೇ ಬನಿಯನ್ ಬಟ್ಟೆ ಕಟ್ಟಿ, ಅದಕ್ಕೆ ಗುರಿಯಿಡಲು ಹೇಳಿ.

ಎರಡು: ಚೆಂಡಿಟ್ಟು ಹಿಂದೆ ಸರಿದು ನಿಂತಾಗ ಒಂದು ದೀರ್ಘ ಉಸಿರು. ಆರಿಸಿದ ಮೂಲೆಯಲ್ಲಿ ಚೆಂಡಿನಷ್ಟೇ ಅಗಲದ ಜಾಗವನ್ನು ಒಂದು ಸೆಕೆಂಡ್ ಅಲುಗದೆ ನೋಡಬೇಕು. ಆ ಒಂದು ಸೆಕೆಂಡಿನಲ್ಲೇ ಚೆಂಡು ಹೋಗಿ ಬಲೆಗೆ ಬಡಿಯುವುದನ್ನು ಮನಸ್ಸಿನಲ್ಲಿ ಕಾಣಬೇಕು.

ಮೂರು: ಆಮೇಲೆ ಕಣ್ಣು ಚೆಂಡಿಗೆ. ಓಡುವಾಗ ಮತ್ತೆ ತಲೆಯೆತ್ತಿ ಕೀಪರನ ಮುಖ ನೋಡುವುದಿಲ್ಲ. ಶಿಳ್ಳೆ ಅಂದರೆ 'ಇನ್ನು ಒದೆಯಬಹುದು' ಎಂಬ ಅನುಮತಿ, 'ಈಗಲೇ ಒದೆ' ಎಂಬ ಅಪ್ಪಣೆಯಲ್ಲ.

ನಾಲ್ಕು: ಮೈದಾನದಲ್ಲಿ ಹತ್ತು ಒದ್ದರೆ, ಅಲ್ಲೇ ನಿಂತು ಐದು ಸಲ ಮನಸ್ಸಿನಲ್ಲಿ ಒದೆಯಲಿ. ಮನಸ್ಸಿನ ಚೆಂಡು ಹೊರಗೆ ಹೋದರೆ ಅಲ್ಲಿಗೇ ಬಿಡಬಾರದು, ಚೆಂಡಿಡುವಲ್ಲಿಂದ ಮತ್ತೆ ಶುರುಮಾಡಿ ಒಳಗೆ ಹಾಕಿಯೇ ಮುಗಿಸಬೇಕು. ಒದೆಯಲು ಕಲಿಯದವನಿಗೆ ಮಾತ್ರ ಇದು ಬೇಡ. ಕಾಲಿಗೆ ಗೊತ್ತಿಲ್ಲದ್ದನ್ನು ಮನಸ್ಸು ಎಲ್ಲಿಂದ ತಂದೀತು?

ಐದು: ಇದು ಎಲ್ಲಕ್ಕಿಂತ ಮುಖ್ಯ. ಎಕ್ಸೆಟರಿನ ವುಡ್ ಮತ್ತು ವಿಲ್ಸನ್ 2011ರಲ್ಲಿ ಆಟಗಾರರಿಗೆ ಇದೇ ನಿಶ್ಚಲ ದೃಷ್ಟಿಯ ತರಬೇತಿ ಕೊಟ್ಟು ನೋಡಿದರು. ಸುಮ್ಮನೆ ಅಭ್ಯಾಸ ಮಾಡಿದವರಿಗಿಂತ ಇವರ ಗುರಿ ಚೆನ್ನಾಯಿತು. ಕೀಪರ್ ತಡೆದ ಒದೆತಗಳು ಅರ್ಧಕ್ಕರ್ಧ ಕಡಿಮೆಯಾದವು. ಆದರೆ ಕೊನೆಗೆ ಒತ್ತಡದ ಟೈಬ್ರೇಕರ್ ಆಡಿಸಿದಾಗ, ಕಣ್ಣು ಸರಿಯಾಗಿಯೇ ನಿಂತರೂ, ಗುರಿಯ ಆ ಮೇಲುಗೈ ಉಳಿಯಲಿಲ್ಲ. ಅಂದರೆ ಕೆಲವು ದಿನದ ಪಾಠ ಸಾಲದು, ಒತ್ತಡದಲ್ಲೇ ಅಭ್ಯಾಸವಾಗಬೇಕು. ಆಡಿ ದಣಿದ ಮೇಲೆ ಒದೆಸಿ. ನಡುಗೆರೆಯಿಂದ ಒಬ್ಬನೇ ನಡೆದು ಬರುವಂತೆ ಮಾಡಿ. ಒಬ್ಬನಿಗೆ ಒಂದೇ ಒದೆತ, ತಪ್ಪಿದರೆ ಇಡೀ ತಂಡ ಮೈದಾನ ಒಂದು ಸುತ್ತು ಓಡಬೇಕು, ತಪ್ಪಿಸಿದವನೂ ಅವರ ನಡುವೆಯೇ. ಅಭ್ಯಾಸ ಮುಗಿದು ಮನೆಗೆ ಹೋಗುವ ಗಡಿಬಿಡಿಯಲ್ಲಿ ನಗುತ್ತಾ ಐದೈದು ಒದೆಯುವುದು ಪೆನಾಲ್ಟಿ ಅಭ್ಯಾಸವೇ ಅಲ್ಲ.

ಇಷ್ಟು ಮಾಡಿದರೂ ತಪ್ಪುತ್ತದೆ. ಜಗತ್ತಿನ ದೊಡ್ಡ ಆಟಗಾರರೇ ಸುಮಾರು ನಾಲ್ಕರಲ್ಲಿ ಒಂದು ತಪ್ಪಿಸುತ್ತಾರೆ. ಹಾಗೆ ತಪ್ಪಿಸಿದ ಹುಡುಗ ನಡುಗೆರೆಗೆ ವಾಪಸು ನಡೆದು ಬರುವ ಆ ಐವತ್ತು ಹೆಜ್ಜೆಯಲ್ಲಿ ಅವನ ಮುಂದಿನ ಆಟ ನಿಂತಿದೆ. ಆಗ ಕಿವಿಗೆ ಬಿದ್ದ ಬೈಗಳೇ ಮುಂದಿನ ಸಲ ಚೆಂಡಿಡುವಾಗ ಅವನ ಮನಸ್ಸಿನಲ್ಲಿ ಮೂಡುವ ಚಿತ್ರ. ಒಬ್ಬ ಗೆಳೆಯ ಎದುರು ಹೋಗಿ ಹೆಗಲ ಮೇಲೆ ಕೈ ಹಾಕಿದರೆ ಅದೂ ಚಿತ್ರವಾಗಿ ಉಳಿಯುತ್ತದೆ.

ಮಳೆಗಾಲದ ಟೂರ್ನಮೆಂಟುಗಳಿಗೆ ಶಾಮಿಯಾನ, ಮೈಕು, ಟ್ರೋಫಿ, ಮುಖ್ಯ ಅತಿಥಿಗಳ ಹಾರ ಎಂದು ಸಾವಿರಗಟ್ಟಲೆ ಖರ್ಚು ಮಾಡುವ ಸಂಘಟಕರಿಗೆ, ಶಾಲೆಗಳ ಮುಖ್ಯೋಪಾಧ್ಯಾಯರಿಗೆ, ಜಿಲ್ಲೆಯ ಕ್ರೀಡಾ ಅಧಿಕಾರಿಗಳಿಗೆ ಒಂದೇ ಬಿನ್ನಹ. ಮಾಸ್ಟ್ರುಗಳನ್ನು ಒಂದು ದಿನ ಒಟ್ಟು ಸೇರಿಸಿ ಈ ಹದಿನೈದು ನಿಮಿಷದ ಪಾಠವನ್ನು ಹೇಳಿಕೊಡಿ. ಟೈಬ್ರೇಕರ್ ಹೊತ್ತಿನಲ್ಲಿ ಗೆರೆಯ ಬದಿಯ ಕೂಗಾಟ ನಿಲ್ಲಿಸಲು ಮೈಕಿನಲ್ಲೇ ಒಂದು ಮಾತು ಹೇಳಿಸಿ. ಕಪ್ಪು ಯಾರಿಗಾದರೂ ಹೋಗಲಿ, ಒಂದು ಒದೆತ ತಪ್ಪಿದ ಮಾತ್ರಕ್ಕೆ ಒಬ್ಬ ಹುಡುಗ ಫುಟ್‌ಬಾಲ್ ಬಿಡುವಂತಾಗಬಾರದು. ಸಂಬಂಧಪಟ್ಟವರು ಮುಂದಿನ ಮಳೆಗಾಲದ ಮೊದಲಾದರೂ ಇತ್ತ ಕಣ್ಣು ಹಾಯಿಸುವರೇ?